ಮೋಲ್‌ಗೆ ಕನ್ನಡ ಪದ ಬೇಕು, ನಾಳೆ ನಾಲ್ಕು ಗಂಟೆಯೊಳಗೆ

ಉಡುಪಿಯಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕಾಗಿದೆ.

ಇಲ್ಲಿನ ಒಂದು ಅಂಗಡಿಗೆ ಕರಪತ್ರ ಅನುವಾದ ಮಾಡಿಕೊಡುತ್ತಿದ್ದೇನೆ. ಗಿಡ, ಬೀಜ, ಕೈತೋಟದ ಸಾಮಾನು ಮಾರುವ ಅಂಗಡಿ. ಅವರು ಜರ್ಮನಿಯ ಒಂದು ಗೂಟ ತರಿಸಿದ್ದಾರೆ. ಹುಲ್ಲುಹಾಸಿನಲ್ಲಿ ಊರಬೇಕು. ಒಳಗೆ ಬ್ಯಾಟರಿ ಇದೆ, ಸ್ವಲ್ಪ ಸ್ವಲ್ಪ ಹೊತ್ತಿಗೆ ಗುಂಯ್ ಅಂತ ನಡುಗುತ್ತದೆ. ಆ ನಡುಕಕ್ಕೆ ಮೋಲ್ ಎಂಬ, ನೆಲದೊಳಗೆ ತೋಡಿಕೊಂಡು ಓಡಾಡುವ ಸಣ್ಣ ಪ್ರಾಣಿ ಓಡಿಹೋಗುತ್ತದೆ ಅಂತ ಪೆಟ್ಟಿಗೆಯ ಮೇಲೆ ಬರೆದಿದೆ. ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಬೋರ್ಡು, ಕರಪತ್ರ ಎರಡೂ ಆಗಬೇಕು. ಪ್ರೆಸ್ಸಿನವರು ನಾಳೆ ನಾಲ್ಕು ಗಂಟೆಗೆ ಮ್ಯಾಟರ್ ಕೇಳಿದ್ದಾರೆ.

ಕಂಪ್ಯೂಟರಿಗೆ ಹಾಕಿ ನೋಡಿದೆ. ‘ನಿಮ್ಮ ತೋಟದ ಮಚ್ಚೆಗಳನ್ನು ತೊಲಗಿಸಿ’ ಅಂತ ಬಂತು. ಇಂಗ್ಲಿಷಿನಲ್ಲಿ ಮೈಮೇಲಿನ ಮಚ್ಚೆಗೂ ಮೋಲ್ ಅಂತಲೇ ಅನ್ನುತ್ತಾರಲ್ಲ, ಅದಕ್ಕೆ.

ನನಗೆ ಬೇಕಾದ್ದು ಮೂರು. ಆ ಪ್ರಾಣಿಗೆ ಒಂದು ಹೆಸರು. ಅದು ಒಳಗಿನಿಂದ ತಳ್ಳಿ ಮೇಲೆ ಹಾಕುವ ಮಣ್ಣಿನ ರಾಶಿಗೆ ಒಂದು. ನೆಲದಡಿ ಅದು ಹೋದ ದಾರಿಗೆ ಒಂದು. ‘ಸುರಂಗ’ ಬರೆಯಲು ನನಗೆ ಮನಸ್ಸಿಲ್ಲ. ಬಂಟ್ವಾಳ, ಕಾಸರಗೋಡಿನ ಕಡೆ ಸುರಂಗ ಅಂದರೆ ಗುಡ್ಡ ಕೊರೆದು ನೀರು ತರುವ ಸುರಂಗ. ಓದಿದವರಿಗೆ ಅದೇ ಕಣ್ಣಿಗೆ ಬರುತ್ತದೆ.

ಪುತ್ತೂರಿನಿಂದ:

ಸುಂಡಿಲಿ. ಇದಕ್ಕೆ ಚರ್ಚೆ ಏಕೆ?

ಒಂದು ಮಾತು ಮಾತ್ರ ನೆನಪಿಡಿ ಅಮ್ಮಾ, ‘ಸೊಂಡಿಲಿ’ ಅಂತ ಬರೆಯಬೇಡಿ. ಈಚೆಗೆ ಎಲ್ಲರೂ ಹಾಗೆಯೇ ಬರೆಯುತ್ತಾರೆ. ಉದ್ದ ಮೂತಿ ಕಂಡಿತು, ಆನೆಯ ಸೊಂಡಿಲು ನೆನಪಾಯಿತು, ‘ಸು’ ಇದ್ದಲ್ಲಿ ‘ಸೊ’ ಹಾಕಿದರು. ತಮಿಳಿನಲ್ಲಿ ಸುಂಡೆಲಿ, ಮಲಯಾಳದಲ್ಲಿ ಚುಂಡೆಲಿ. ಎರಡೂ ಕಡೆ ಅದು ಮನೆಯ ಸಣ್ಣ ಇಲಿ. ಅದಕ್ಕೆ ಸೊಂಡಿಲು ಎಲ್ಲಿದೆ? ಮೂರು ಭಾಷೆಯಲ್ಲಿ ಒಂದೇ ಪದ ನಿಂತಿರುವಾಗ ಒಂದರಲ್ಲಿ ಮಾತ್ರ ಸೊಂಡಿಲು ಹುಟ್ಟುವುದಿಲ್ಲ. ಮೂವತ್ತು ವರ್ಷ ಮಕ್ಕಳ ನೋಟುಬುಕ್ಕಿನಲ್ಲಿ ಇದನ್ನು ತಿದ್ದಿದ್ದೇನೆ.

ಮಂಗಳೂರಿನಿಂದ:

ಮಾಷ್ಟ್ರೇ, ವ್ಯುತ್ಪತ್ತಿ ನಿಮ್ಮದೇ ಸರಿ ಇರಬಹುದು. ಆದರೆ ಪ್ರಾಣಿ ಬೇರೆ. ದಯವಿಟ್ಟು ಬೋರ್ಡಿನಲ್ಲಿ ಸುಂಡಿಲಿ ಅಂತ ಹಾಕಬೇಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ನಮ್ಮ ಸುಂಡಿಲಿ, ಕೆಲವರು ಹೇಳುವ ಮೂಗಿಲಿ, ರಾತ್ರಿ ಬಚ್ಚಲ ಹತ್ತಿರ ಗೋಡೆ ಒತ್ತಿಕೊಂಡು ಓಡುತ್ತದಲ್ಲ, ಅದು. ಚಿಕ್ ಚಿಕ್ ಅನ್ನುತ್ತದೆ. ಹೋದ ಮೇಲೂ ವಾಸನೆ ಉಳಿಯುತ್ತದೆ. ತಿನ್ನುವುದು ಜಿರಲೆ, ಹುಳ. ನಿಮ್ಮ ಬಸಳೆಯ ಬುಡಕ್ಕೆ ಅದರಿಂದ ಎಂತ ತೊಂದರೆಯೂ ಇಲ್ಲ. ಆದರೂ ಜನ ಇಲಿ ಅಂದುಕೊಂಡು ಪೊರಕೆಯಲ್ಲಿ ಹೊಡೆದು ಸಾಯಿಸುತ್ತಾರೆ. ‘ಸುಂಡಿಲಿ ಓಡಿಸುವ ಯಂತ್ರ’ ಅಂತ ಅಚ್ಚಾದರೆ ಇನ್ನಷ್ಟು ಸಾಯುತ್ತವೆ.

ಮೋಲ್ ನಮ್ಮೂರಿನಲ್ಲಿ ಇಲ್ಲವೇ ಇಲ್ಲ. ಯುರೋಪು, ಅಮೆರಿಕದಲ್ಲಿ ಉಂಟು. ನಮ್ಮ ದೇಶದಲ್ಲಿ ನೋಡಬೇಕಾದರೆ ಡಾರ್ಜಿಲಿಂಗ್, ಅಸ್ಸಾಮಿನ ಕಡೆ ಹೋಗಬೇಕು. ಮೈಮೇಲೆ ಮಖಮಲ್ಲಿನ ಹಾಗೆ ಕಪ್ಪು ರೋಮ. ಮುಂಗಾಲು ಹಾರೆಯ ಹಾಗೆ ಅಗಲ, ಅಂಗೈ ಹೊರಕ್ಕೆ ತಿರುಗಿರುತ್ತದೆ. ಕಣ್ಣು ಸಾಸಿವೆಯಷ್ಟು. ತಿನ್ನುವುದು ಎರೆಹುಳ ಮತ್ತು ಮಣ್ಣಿನ ಹುಳ, ಬೇರು ಗೆಡ್ಡೆ ಅಲ್ಲ. ಹುಲ್ಲು ಒಣಗುವುದು ಅದು ತಿಂದದ್ದಕ್ಕಲ್ಲ, ಬೇರಿನಡಿ ಟೊಳ್ಳಾಗಿ ಮಣ್ಣು ಸಡಿಲವಾಗುವುದಕ್ಕೆ.

ಇನ್ನೊಂದು ವಿಷಯ. ಅದು ಇಲಿಯ ಜಾತಿಯೇ ಅಲ್ಲ. ಹತ್ತಿರದ ನೆಂಟ ಯಾರು ಅಂದರೆ ಇದೇ ಮೂಗಿಲಿ.

ಕುಂದಾಪುರದಿಂದ:

ಪ್ರಾಣಿ ಇಲ್ಲದಿದ್ದರೆ ಪದವೂ ಇರುವುದಿಲ್ಲ. ಇಲ್ಲದ ಪದವನ್ನು ಕಟ್ಟಬೇಕು. ನಾವು ಕಟ್ಟುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು, ಅದೇ ನನ್ನ ನೋವು.

ಜರ್ಮನ್ನರು ಹೇಗೆ ಕಟ್ಟಿದರು ನೋಡಿ. ಮೌಲ್‌ವುರ್ಫ್. ಈಗಿನ ಕಿವಿಗೆ ಮೌಲ್ ಅಂದರೆ ಪ್ರಾಣಿಯ ಬಾಯಿ. ಆದರೆ ಹಳೆಯ ಜರ್ಮನ್ನಿನಲ್ಲಿ ಆ ಜಾಗದಲ್ಲಿದ್ದದ್ದು ಮಣ್ಣು ಎಂಬ ಅರ್ಥದ ಪದ. ಮಣ್ಣು ಎಸೆಯುವುದು ಅಂತ ಅರ್ಥ. ಇಂಗ್ಲಿಷರೂ ಹಿಂದೆ ಮೋಲ್ಡ್‌ವಾರ್ಪ್ ಅನ್ನುತ್ತಿದ್ದರು, ಅದೂ ಅದೇ. ಹಾಗಾದರೆ ನಮಗೆ ‘ಮಣ್ಣೆಸೆಗ’. ಮಣ್ಣು, ಎಸೆ, ಗ. ಎಲ್ಲ ನಮ್ಮದೇ.

‘ಮೋಲ್’ ಅಂತ ಹಾಗೇ ಇಟ್ಟುಕೊಳ್ಳಿ ಅಂತ ಯಾರೂ ಹೇಳಬೇಡಿ. ಹೆದ್ದಾರಿ ಅಂತ ಕಟ್ಟಿದಾಗಲೂ ಜನ ಮೂಗು ಮುರಿದಿರಬಹುದು. ಈಗ ಬಸ್ಸಿನ ಕಂಡಕ್ಟರೂ ಅನ್ನುತ್ತಾನೆ.

ಪುತ್ತೂರಿನಿಂದ:

ಹೆದ್ದಾರಿಯಲ್ಲಿ ದಾರಿ ಕಾಣುತ್ತದೆ. ಮಣ್ಣೆಸೆಗದಲ್ಲಿ ಪ್ರಾಣಿ ಕಾಣುವುದಿಲ್ಲ. ಮಣ್ಣು ಕೆಲಸಕ್ಕೆ ಬಂದವನ ಹಾಗೆ ಕೇಳುತ್ತದೆ. ಬಿಡಿ.

ಕುಂದಾಪುರದಿಂದ:

ಬಿಡುವುದಿಲ್ಲ ಮಾಷ್ಟ್ರೇ. ನೀವು ತಮಿಳು, ಮಲಯಾಳದ ಸಾಕ್ಷಿ ತರುತ್ತೀರಿ, ಆಗ ಎಲ್ಲರೂ ತಲೆ ಆಡಿಸಬೇಕು. ನಾನು ಕನ್ನಡದ ಧಾತುವಿನಿಂದ ಕಟ್ಟಿದರೆ ಒಂದೇ ಮಾತು, ‘ಬಿಡಿ’. ಇದು ಸರಿಯಲ್ಲ.

ಮಂಜೇಶ್ವರದಿಂದ:

ಇಬ್ಬರೂ ಸ್ವಲ್ಪ ತಾಳಿ ಮಾರಾಯ್ರೇ. ಆ ಅಕ್ಕನಿಗೆ ನಾಳೆ ನಾಲ್ಕಕ್ಕೆ ಪದ ಬೇಕು.

ಮೊದಲು ಮಂಗಳೂರಿನ ಮೇಡಂ ಹೇಳಿದ್ದಕ್ಕೆ. ಇಲಿ ಜಾತಿಯಲ್ಲ, ಆದ್ದರಿಂದ ಹೆಸರಿನಲ್ಲಿ ಇಲಿ ಬರಬಾರದು ಅಂತ ಯಾರಾದರೂ ವಾದ ಹೂಡುವ ಮೊದಲೇ ಹೇಳುತ್ತೇನೆ. ನೀರುನಾಯಿ ನಾಯಿಯಲ್ಲ. ಚಿಪ್ಪುಹಂದಿ ಹಂದಿಯಲ್ಲ. ಮುಳ್ಳುಹಂದಿಯಂತೂ ನಿಜವಾಗಿ ಇಲಿಯ ಬಳಗದ್ದು, ಆದರೂ ಅದನ್ನು ಹಂದಿ ಮಾಡಿದ್ದೇವೆ. ಜನ ಹೆಸರಿಡುವುದು ಕಣ್ಣಿಗೆ ಕಂಡದ್ದಕ್ಕೆ. ಅಲ್ವಾ?

ಇನ್ನು ಎರವಲು. ಇಂಗ್ಲಿಷಿನವರು ನಮ್ಮ ಹೆಗ್ಗಣಕ್ಕೆ ಬ್ಯಾಂಡಿಕೂಟ್ ಅನ್ನುತ್ತಾರೆ. ಅದು ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿಯಿಲಿ. ಅವರ ನಾಡಿನಲ್ಲಿ ಹೆಗ್ಗಣ ಇರಲಿಲ್ಲ, ಇಲ್ಲಿಗೆ ಬಂದು ಕಂಡರು, ಇಲ್ಲಿಯ ಹೆಸರನ್ನೇ ಹೊತ್ತುಕೊಂಡು ಹೋದರು. ಆಮೇಲೆ ಆಸ್ಟ್ರೇಲಿಯಾದಲ್ಲಿ ಕಂಡ ಚೀಲದ ಪ್ರಾಣಿಯೊಂದಕ್ಕೂ ಅದೇ ಹೆಸರು ಅಂಟಿಸಿದರು. ಇಂಗ್ಲಿಷ್ ಅದರಿಂದ ಹಾಳಾಗಲಿಲ್ಲ. ನಾವು ದಿನಾ ಅನ್ನುವ ಬಟಾಟೆ, ಅನಾನಸು, ಚಾವಿ ಪೋರ್ಚುಗೀಸರಿಂದ ಬಂದವು. ಚಾವಿ ಬೇಡ ಅಂತ ಕುಂದಾಪುರದವರು ಬಾಗಿಲು ತೆರೆದಿಟ್ಟು ಮಲಗುವುದಿಲ್ಲವಲ್ಲ.

ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನಲ್ಲಿ. ಅದರ ಮುನ್ನುಡಿಯಲ್ಲಿ ಸಂಸ್ಕೃತಕ್ಕೆ ಹೋದ ದ್ರಾವಿಡ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾರೆ. ಪದ ಎರಡೂ ಕಡೆ ನಡೆಯುತ್ತದೆ.

ನನ್ನ ನಿಜವಾದ ಬೇಸರ ಬೇರೆ. ಎರವಲಿನ ಜಗಳದಲ್ಲಿ ಇಂಗ್ಲಿಷ್ ಬರುತ್ತದೆ, ಸಂಸ್ಕೃತ ಬರುತ್ತದೆ. ಪಕ್ಕದ ಮನೆಯ ತುಳು ಬರುವುದಿಲ್ಲ. ಹೆಗ್ಗಣಕ್ಕೆ ತುಳುವಿನಲ್ಲಿ ಪೆರ್ಗುಡೆ. ಆ ‘ಪೆರ್’ ನಮ್ಮ ಹೆಬ್ಬಾವು, ಹೆಮ್ಮರದ ‘ಹೆ’ಯೇ. ಪ್ರಾಣಿಯ ಬಿಲಕ್ಕೆ ನಮ್ಮಲ್ಲಿ ಎಲ್ಲರೂ ಅನ್ನುವುದು ಮಾಟೆ. ಅಕ್ಕ ಅದನ್ನು ಬರೆದರೆ ಬೆಂಗಳೂರಿನವರು ‘ಪ್ರಾದೇಶಿಕ’ ಅಂತ ಕೆಂಪು ಗೆರೆ ಎಳೆಯುತ್ತಾರೆ. ಕದ್ರಿ ಪಾರ್ಕಿನ ಬೋರ್ಡಿನಲ್ಲಿ ಮಾಟೆ ಬರೆಯದೆ ಮತ್ತೆಲ್ಲಿ ಬರೆಯುವುದು?

ಉಡುಪಿಯಿಂದ:

ಎಲ್ಲರಿಗೂ ಧನ್ಯವಾದ. ಈಗ ನನಗೆ ಬೇರೆಯೇ ಕಷ್ಟ ಬಂದಿದೆ.

ಮೋಲ್ ನಮ್ಮಲ್ಲಿ ಇಲ್ಲ ಅಂತ ಅಂಗಡಿಯವರಿಗೆ ಫೋನು ಮಾಡಿ ಹೇಳಿದೆ. ‘ಹಾಗಾದರೆ ಹೆಗ್ಗಣ ಅಂತಲೇ ಹಾಕಿ, ಜನಕ್ಕೆ ಅರ್ಥ ಆಗುತ್ತದೆ’ ಅಂದರು. ಅರ್ಥ ಆಗುತ್ತದೆ, ನಿಜ. ಆದರೆ ಅದು ಸುಳ್ಳು. ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಹೆಗ್ಗಣ ಎಂತದ್ದು ಅಂತ ನನಗೆ ಗೊತ್ತು. ನಮ್ಮ ಹಿತ್ತಲಲ್ಲಿ ಬಸಳೆ ಚಪ್ಪರದ ಬುಡಕ್ಕೆ ತಾಗಿ ಒಂದು ಮಾಟೆ ಇದೆ. ಬೆಳಗ್ಗೆ ನೋಡಿದರೆ ಬಾಯಿಯ ಮುಂದೆ ಒದ್ದೆ ಕೆಂಪು ಮಣ್ಣು ಬುಟ್ಟಿಯಷ್ಟು ಬಿದ್ದಿರುತ್ತದೆ, ಅದರಲ್ಲಿ ಹಲ್ಲಿನ ಗುರುತಿರುವ ಕೆಸುವಿನ ತುಂಡುಗಳು. ಮರಗೆಣಸಿನ ಗಿಡ ಮೇಲೆ ಚಂದ ಇರುತ್ತದೆ, ಎಳೆದರೆ ಅಡಿಯಲ್ಲಿ ಗೆಣಸೇ ಇಲ್ಲ. ನಮ್ಮ ಅತ್ತೆ ಸಂಜೆ ಮಾಟೆಯ ಬಾಯಿಯನ್ನು ಕಾಲಿನಿಂದ ತುಳಿದು ಮುಚ್ಚುತ್ತಾರೆ. ಬೆಳಗ್ಗೆ ತೆರೆದಿದ್ದರೆ ಒಳಗೆ ಇದೆ ಅಂತ ಲೆಕ್ಕ. ಆಮೇಲೆ ಬೋನಿಗೆ ಕೊಬ್ಬರಿ ತುಂಡು ಸಿಕ್ಕಿಸಿ ಇಡುತ್ತಾರೆ.

ಆಶ್ಚರ್ಯ ಅಂದರೆ ಕರಪತ್ರದಲ್ಲೂ ಅದೇ ಇದೆ. ಉಬ್ಬಿದ ಹುಲ್ಲನ್ನು ತುಳಿದು ಚಪ್ಪಟೆ ಮಾಡಿ, ಮರುದಿನ ಮತ್ತೆ ಎದ್ದರೆ ಆ ದಾರಿಯಲ್ಲಿ ಮೋಲ್ ಈಗಲೂ ಓಡಾಡುತ್ತಿದೆ ಅಂತ ಅರ್ಥ. ಅಲ್ಲಿಯವರೆಗೆ ಎರಡೂ ಒಂದೇ. ಮುಂದೆ ಒಂದಲ್ಲ. ಎರೆಹುಳ ತಿನ್ನುವ ಪ್ರಾಣಿ ಕೊಬ್ಬರಿಗೂ ಬರುವುದಿಲ್ಲ, ಇಲಿಪಾಷಾಣದ ಕಾಳನ್ನೂ ಮುಟ್ಟುವುದಿಲ್ಲ. ಹೆಸರು ತಪ್ಪಾದರೆ ಮದ್ದೂ ತಪ್ಪುತ್ತದೆ. ಜರ್ಮನಿಯಲ್ಲಿ ಮೋಲನ್ನು ಕೊಲ್ಲುವಂತಿಲ್ಲ, ಕಾನೂನಿನ ರಕ್ಷಣೆ ಇದೆ. ಅದಕ್ಕೇ ಅಲ್ಲಿ ಓಡಿಸುವ ಗೂಟ ಮಾರುತ್ತಾರೆ. ನಡುಗುವ ಗೂಟದಿಂದ ಮೋಲ್ ಓಡುತ್ತದೆ ಅನ್ನುವುದಕ್ಕೂ ಗಟ್ಟಿ ಸಾಕ್ಷಿ ಇಲ್ಲ, ಬೋನೇ ಹೆಚ್ಚು ನಂಬಿಕೆಯದ್ದು ಅಂತ ಅಮೆರಿಕದ ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ವಿಭಾಗಗಳು ತೋಟದವರಿಗೆ ಹೇಳುತ್ತವೆ. ಹಾಗಿರುವಾಗ ನಮ್ಮ ಹೆಗ್ಗಣದ ಹೆಸರು ಹಾಕಿ ಇಲ್ಲಿಯವರ ದುಡ್ಡು ತೆಗೆಸುವ ಬೋರ್ಡು ನನ್ನ ಕೈಯಿಂದ ಬರೆಯಲು ಆಗುವುದಿಲ್ಲ. ಹಾಗಂತ ಅಂಗಡಿಯವರಿಗೆ ಹೇಳಿಬಿಟ್ಟೆ.

ಮಂಗಳೂರಿನ ಮೇಡಂ ‘ಹತ್ತಿರದ ನೆಂಟ ಮೂಗಿಲಿ’ ಅಂದದ್ದು ಮನಸ್ಸಿನಲ್ಲಿ ಉಳಿಯಿತು. ನೆಲಗಡಲೆ, ನೆಲಬೇವು ಇದ್ದ ಹಾಗೆ ‘ನೆಲಮೂಗಿಲಿ’ ಆಗಬಹುದಾ? ನೆಲದೊಳಗೆ ಇರುವುದು, ಮೂಗಿಲಿಯ ಬಳಗದ್ದು, ಆದರೆ ಮನೆಯ ಮೂಗಿಲಿ ಅಲ್ಲ. ಮೊದಲ ಸಲ ಬರುವಾಗ ‘ಯುರೋಪಿನ ಮೋಲ್ ಎಂಬ ನೆಲಮೂಗಿಲಿ’ ಅಂತ ಪೂರ್ತಿ ಬರೆಯುತ್ತೇನೆ. ಆಮೇಲೆ ಬರೀ ನೆಲಮೂಗಿಲಿ.

ಮಣ್ಣಿನ ರಾಶಿಗೆ ‘ಮಣ್ಣಗುಡ್ಡೆ’ ಅಂತ ಬರೆದಿದ್ದೆ. ಓದಿ ನೋಡಿದ ನನ್ನ ಮಗ, ‘ಅಮ್ಮ, ಮಂಗಳೂರಿನವರು ಮಣ್ಣಗುಡ್ಡಕ್ಕೆ ಯಾವ ಬಸ್ಸು ಅಂತ ಕೇಳುತ್ತಾರೆ’ ಅಂದ. ತೆಗೆದು ‘ಗುಪ್ಪೆ’ ಮಾಡಿದೆ. ದಾರಿಗೆ ಮಾಟೆ.

ಕುಂದಾಪುರದಿಂದ:

ನೆಲಮೂಗಿಲಿ ಚೆನ್ನಾಗಿದೆ. ಕಟ್ಟಿದ್ದೀರಿ, ಸಂತೋಷ. ‘ಮೋಲ್ ಎಂಬ’ ತೆಗೆಯಿರಿ.

ಮಂಗಳೂರಿನಿಂದ:

ತೆಗೆಯಬೇಡಿ. ಹುಡುಕಿ ನೋಡುವವರಿಗೆ ಅದೊಂದೇ ಗುರುತು. ಕೆಳಗೆ ಇನ್ನೊಂದು ಸಾಲು ಸೇರಿಸಲು ಜಾಗ ಇದ್ದರೆ, ಮನೆಯ ಮೂಗಿಲಿಯನ್ನು ಕೊಲ್ಲಬೇಡಿ ಅಂತ ಹಾಕಿ.

ಪುತ್ತೂರಿನಿಂದ:

ಗುಪ್ಪೆ ಒಪ್ಪಿದೆ. ಮಾಟೆ ಅಂದರೆ ಬಾಯಿ ಇರುವ ಬಿಲ. ಉದ್ದಕ್ಕೆ ಹೋಗುವುದಕ್ಕೆ ಮಾಟೆ ಅನ್ನುವುದನ್ನು ನಾನು ಈವರೆಗೆ ಕೇಳಿಲ್ಲ. ಮಂಜೇಶ್ವರದವರು ಒಂದು ಪ್ರಯೋಗ ತೋರಿಸಲಿ, ಆಮೇಲೆ ಮಾತು.

ಉಡುಪಿಯಿಂದ:

ಮಾಷ್ಟ್ರೇ, ಈಗ ಮೂರೂವರೆ. ‘ಮಾಟೆಯ ದಾರಿ’ ಅಂತ ತಿದ್ದಿ ಕಳಿಸಿದ್ದೇನೆ. ಅಂಗಡಿಯವರು ಗೂಟದ ಬೋರ್ಡು ಬೇಡ ಅಂದರು. ಕರಪತ್ರ ಮಾತ್ರ ಅಚ್ಚಾಗುತ್ತದೆ, ಕೊನೆಯಲ್ಲಿ ಮೇಡಂ ಹೇಳಿದ ಸಾಲೂ ಇದೆ.