ಪ್ರಶ್ನೋತ್ತರ: ಎಂ33ರ ಆ ನೀಲಿ ಚುಕ್ಕೆ ಒಂದೇ ನಕ್ಷತ್ರವೋ, ಗುಂಪೋ?

ಪ್ರಶ್ನೆ (ಬಳ್ಳಾರಿ, ಎಂ.ಎಸ್ಸಿ. ಭೌತಶಾಸ್ತ್ರ): ಪ್ರಾಜೆಕ್ಟಿಗೆ ಎಂ33 ಗೆಲಾಕ್ಸಿಯ ಭಾರೀ ನಕ್ಷತ್ರಗಳನ್ನು ಆರಿಸಿಕೊಂಡಿದ್ದೇವೆ. ಆಸ್ಟ್ರೋಸ್ಯಾಟ್‌ನ ಯುವಿಐಟಿ (ಭಾರತದ ಉಪಗ್ರಹದ ನೇರಳಾತೀತ ದೂರದರ್ಶಕ) ಚಿತ್ರ ಇಳಿಸಿಕೊಂಡು, ಎಫ್148ಡಬ್ಲ್ಯೂ ಎಂಬ ದೂರ ನೇರಳಾತೀತ ಫಿಲ್ಟರಿನಲ್ಲಿ ಚುಕ್ಕೆಗಳ ಕಾಂತಿ ಅಳೆದಿದ್ದೇವೆ. ಕೆಲವು ಚುಕ್ಕೆಗಳ ದ್ರವ್ಯರಾಶಿ ಸೂರ್ಯನ 200-300 ಪಟ್ಟು ಬರುತ್ತಿದೆ. ಲೆಕ್ಕ ಮೂರು ಸಲ ನೋಡಿದೆವು, ತಪ್ಪು ಸಿಗಲಿಲ್ಲ.

ಉತ್ತರ (ನೇರಳಾತೀತ ಖಗೋಳ ವೀಕ್ಷಣೆ): ಲೆಕ್ಕ ಸರಿಯೇ ಇರಬಹುದು. ಚುಕ್ಕೆಯನ್ನು ಒಂದೇ ನಕ್ಷತ್ರ ಎಂದುಕೊಂಡಲ್ಲಿ ತಪ್ಪಿದೆ. ಕಾಂತಿ ಅಳೆಯುವ ಮೊದಲೇ, ಒಂದು ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ) ಆ ದೂರದಲ್ಲಿ ಎಷ್ಟು ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ) ಆಗುತ್ತದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಎಂ33 ಸುಮಾರು 8.4 ಲಕ್ಷ ಪಾರ್ಸೆಕ್ ದೂರದಲ್ಲಿದೆ. ಅದನ್ನು 206265ರಿಂದ (ಒಂದು ರೇಡಿಯನ್‌ನಲ್ಲಿರುವ ಆರ್ಕ್‌ಸೆಕೆಂಡ್) ಭಾಗಿಸಿದರೆ ಒಂದು ಆರ್ಕ್‌ಸೆಕೆಂಡಿಗೆ ಸುಮಾರು 4 ಪಾರ್ಸೆಕ್. ಯುವಿಐಟಿ ಬಿಡಿಸಿ ತೋರಿಸುವುದು ಸುಮಾರು 1.5 ಆರ್ಕ್‌ಸೆಕೆಂಡ್, ಅಂದರೆ 6 ಪಾರ್ಸೆಕ್. 6 ಪಾರ್ಸೆಕ್ ಒಳಗೆ ಒಂದು ಇಡೀ ತರುಣ ಗುಚ್ಛವೇ ಹಿಡಿಯುತ್ತದೆ.

ನಮ್ಮ ನೆರೆಯ ಗೆಲಾಕ್ಸಿಯಾದ ದೊಡ್ಡ ಮ್ಯಾಗೆಲನ್ ಮೋಡದ ಆರ್136 ಗುಚ್ಛ ಇದಕ್ಕೆ ಒಳ್ಳೆಯ ಪಾಠ. 1980ರ ದಶಕದ ಆರಂಭದಲ್ಲಿ ಅದರ ನಡುವಿನ ಪ್ರಖರ ಬಿಂದುವನ್ನು ಒಂದೇ ನಕ್ಷತ್ರವೆಂದು ಎಣಿಸಿ, ಸೂರ್ಯನ ಎರಡು ಸಾವಿರಕ್ಕೂ ಹೆಚ್ಚು ಪಟ್ಟು ದ್ರವ್ಯರಾಶಿ ಹೇಳಿದವರಿದ್ದರು. 1985ರಲ್ಲಿ ಸ್ಪೆಕಲ್ ತಂತ್ರ (ಅತಿ ಕಿರು ಅವಧಿಯ ಚಿತ್ರಗಳಿಂದ ವಾತಾವರಣದ ನಡುಕ ಮೀರುವ ವಿಧಾನ) ಅದನ್ನು ಹಲವು ನಕ್ಷತ್ರಗಳಾಗಿ ಬಿಡಿಸಿತು, ಮುಂದೆ ಹಬಲ್ ಇಡೀ ಗುಚ್ಛವನ್ನು ತೆರೆದಿಟ್ಟಿತು. ಅದು ಇರುವುದು ಬರೀ 50 ಸಾವಿರ ಪಾರ್ಸೆಕ್ ದೂರದಲ್ಲಿ. ಅದೇ ಗುಚ್ಛವನ್ನು ಎಂ33ರಲ್ಲಿ ಇಟ್ಟರೆ, ಅದರ ಅತಿ ಭಾರದ ನಕ್ಷತ್ರಗಳೆಲ್ಲ ಯುವಿಐಟಿಯಲ್ಲಿ ಒಂದೇ ದುಂಡನೆಯ ಚುಕ್ಕೆ. ರಾತ್ರಿ ದೂರದ ಗುಡ್ಡದ ಮೇಲಿಂದ ತುಂಗಭದ್ರಾ ಡ್ಯಾಮಿನ ದೀಪದ ಸಾಲು ಒಂದೇ ಗೆರೆಯಾಗಿ ಕಾಣುವುದಿಲ್ಲವೇ, ಹಾಗೆ.

ಬೆರಕೆಯಿಂದ ದ್ರವ್ಯರಾಶಿ ಎಷ್ಟು ಕೆಡುತ್ತದೆ ಎಂಬುದನ್ನೂ ಅಂದಾಜು ಮಾಡಬಹುದು. ಭಾರೀ ನಕ್ಷತ್ರಗಳ ಕಾಂತಿ ದ್ರವ್ಯರಾಶಿಯ ಸುಮಾರು 2.5ನೇ ಘಾತದಂತೆ ಏರುತ್ತದೆ ಎಂದು ಹಿಡಿಯಿರಿ. ಸಮಾನವಾದ ಹತ್ತು ನಕ್ಷತ್ರ ಒಂದಾಗಿ ಕಂಡರೆ ಕಾಂತಿ 10 ಪಟ್ಟು, ದ್ರವ್ಯರಾಶಿ 2.5 ಪಟ್ಟು. ನಿಮಗೆ 250 ಬಂದಿದ್ದರೆ ಅಲ್ಲಿ ತಲಾ 100 ಪಟ್ಟಿನ ಹತ್ತು ನಕ್ಷತ್ರಗಳಿರಬಹುದು, ಇನ್ನೂ ಚಿಕ್ಕವು ಇನ್ನೂ ಹೆಚ್ಚಿರಬಹುದು.

ಪರೀಕ್ಷೆ ಹೀಗೆ ಮಾಡಿ. ಅನುಮಾನದ ಚುಕ್ಕೆಗಳ ನಿರ್ದೇಶಾಂಕ ತೆಗೆದುಕೊಂಡು ಮಾಸ್ಟ್ ಎಂಬ ಅಂತರ್ಜಾಲ ದತ್ತಾಂಶ ಭಂಡಾರದಲ್ಲಿ ಹಬಲ್‌ನ ಎಫ್275ಡಬ್ಲ್ಯೂ (ಸಮೀಪ ನೇರಳಾತೀತ ಫಿಲ್ಟರ್) ಚಿತ್ರ ಹುಡುಕಿ. ನೋಂದಣಿ, ಶುಲ್ಕ ಯಾವುದೂ ಬೇಡ. ಹಬಲ್ ಆ ದೂರದಲ್ಲಿ ಸುಮಾರು 0.08 ಆರ್ಕ್‌ಸೆಕೆಂಡ್, ಅಂದರೆ ಒಂದು ಪಾರ್ಸೆಕ್ಕಿನ ಮೂರನೇ ಒಂದು ಭಾಗ ಬಿಡಿಸುತ್ತದೆ. ಎಂ33ರ ಒಳಭಾಗಕ್ಕೆ 'ಫ್ಯಾಟರ್' ಸಮೀಕ್ಷೆಯ ಪಟ್ಟಿ ಸಿದ್ಧವಾಗಿದೆ: ಆರು ಫಿಲ್ಟರ್, 2.2 ಕೋಟಿ ನಕ್ಷತ್ರ. ಟಾಪ್‌ಕ್ಯಾಟ್‌ನಲ್ಲಿ (ಪಟ್ಟಿಗಳನ್ನು ಹೊಂದಿಸುವ ತಂತ್ರಾಂಶ) ನಿಮ್ಮ ಪ್ರತಿ ಚುಕ್ಕೆಯ ಸುತ್ತ 1 ಆರ್ಕ್‌ಸೆಕೆಂಡ್ ತ್ರಿಜ್ಯ ಕೊಟ್ಟು ಹೊಂದಿಸಿ. 'ಅತಿ ಹತ್ತಿರದ ಒಂದು' ಆಯ್ಕೆ ಬೇಡ, 'ಎಲ್ಲ ಹೊಂದಿಕೆ' ಆಯ್ಕೆ ಮಾಡಿ. ಒಂದೇ ಬಿಸಿ ನಕ್ಷತ್ರ ಸಿಕ್ಕರೆ ಆ ಚುಕ್ಕೆ ಉಳಿಯುತ್ತದೆ. ನಾಲ್ಕೈದು ಸಿಕ್ಕರೆ ಅದನ್ನು 'ಗುಚ್ಛ' ಎಂದು ಬೇರೆ ಪಟ್ಟಿಗೆ ಹಾಕಿ, ಅದರ ವಯಸ್ಸು ಹುಡುಕಿ.

ಪ್ರಶ್ನೆ (ಸಿಂಧನೂರು): ಹಾಗಿದ್ದರೆ ಎಲ್ಲವನ್ನೂ ಹಬಲ್‌ನಲ್ಲೇ ಮಾಡಬಹುದಲ್ಲ ಸರ್? ಅದೂ ಸಾಮಾನ್ಯ ಬೆಳಕಿನಲ್ಲಿ? ಯುವಿಐಟಿ ಯಾಕೆ ಬೇಕು?

ಉತ್ತರ: ಹಬಲ್ ಕ್ಯಾಮೆರಾದ ಒಂದು ಚೌಕಟ್ಟು ಸುಮಾರು 2.7 ಆರ್ಕ್‌ಮಿನಿಟ್. ಯುವಿಐಟಿಯದು 28 ಆರ್ಕ್‌ಮಿನಿಟ್ ವ್ಯಾಸ. ಇಡೀ ಗೆಲಾಕ್ಸಿಯಲ್ಲಿ ಎಲ್ಲೆಲ್ಲಿ ಹೊಸ ನಕ್ಷತ್ರ ಹುಟ್ಟುತ್ತಿವೆ ಎಂದು ಹುಡುಕಲು ಅಗಲ ಬೇಕು, ಸಿಕ್ಕಿದ್ದನ್ನು ಬಿಡಿಸಲು ಹಬಲ್ ಬೇಕು.

ಸಾಮಾನ್ಯ ಬೆಳಕಿನ ತೊಂದರೆ ಬೇರೆಯೇ. 30,000 ಕೆಲ್ವಿನ್ ಇರುವ ನಕ್ಷತ್ರದ ಹೊಳಪಿನ ಶಿಖರ 97 ನ್ಯಾನೋಮೀಟರ್‌ ಹತ್ತಿರ. ನಾವು ಕಣ್ಣಿಂದ ನೋಡುವುದು ತರಂಗಾಂತರಕ್ಕೆ ಹೊಳಪು ಬರೆದ ರೇಖೆಯ ಬಾಲವನ್ನು. ಆ ಬಾಲದಲ್ಲಿ 30,000ಕ್ಕೂ 45,000ಕ್ಕೂ ಬಿ-ವಿ ಬಣ್ಣದಲ್ಲಿ (ನೀಲಿ ಮತ್ತು ಹಸಿರು-ಹಳದಿ ಫಿಲ್ಟರುಗಳ ಕಾಂತಿಯ ವ್ಯತ್ಯಾಸ) 0.05 ಮ್ಯಾಗ್ನಿಟ್ಯೂಡ್ (ಕಾಂತಿಯ ಅಳತೆ) ಕೂಡ ವ್ಯತ್ಯಾಸ ಬರುವುದಿಲ್ಲ, ನಿಮ್ಮ ಅಳತೆಯ ದೋಷವೇ ಅದಕ್ಕಿಂತ ಹೆಚ್ಚಿರುತ್ತದೆ. ಬಿಸಿ ಎಷ್ಟೆಂದು ತಿಳಿಯದೆ ದ್ರವ್ಯರಾಶಿ ಹೇಳಲಾಗದು. ಆದ್ದರಿಂದ ದೂರ ನೇರಳಾತೀತ ಬೇಕು, ಅದನ್ನು ವಾತಾವರಣದ ಆಮ್ಲಜನಕ ತಡೆಯುವುದರಿಂದ ಆಕಾಶಕ್ಕೇ ಹೋಗಬೇಕು. ಒಂದು ಎಚ್ಚರ: ಯುವಿಐಟಿಯ ಸಮೀಪ ನೇರಳಾತೀತ ಭಾಗ 2018ರ ಮಾರ್ಚ್‌ನಲ್ಲಿ ನಿಂತುಹೋಯಿತು. ನಂತರದ ವೀಕ್ಷಣೆಗಳಲ್ಲಿ ದೂರ ನೇರಳಾತೀತ ಮಾತ್ರ. ಒಂದೇ ಫಿಲ್ಟರಿನಿಂದ ತಾಪಮಾನ ಬರುವುದಿಲ್ಲ, ಎಫ್148ಡಬ್ಲ್ಯೂ ಜೊತೆಗೆ ಹಬಲ್‌ನ ಎಫ್275ಡಬ್ಲ್ಯೂ, ಎಫ್336ಡಬ್ಲ್ಯೂ ಸೇರಿಸಿ.

ಇನ್ನೊಬ್ಬ ತಜ್ಞರ ಸೇರ್ಪಡೆ (ದತ್ತಾಂಶ ಸಂಸ್ಕರಣೆ): ಧೂಳು ಮರೆಯಬೇಡಿ. ಇ(ಬಿ-ವಿ), ಅಂದರೆ ಧೂಳಿನಿಂದ ಬಿ-ವಿ ಬಣ್ಣ ಕೆಂಪಾದ ಪ್ರಮಾಣ, 0.1 ಇದ್ದರೆ ಸಾಮಾನ್ಯ ಬೆಳಕಿನಲ್ಲಿ 0.3 ಮ್ಯಾಗ್ನಿಟ್ಯೂಡ್ ಮಬ್ಬಾಗುತ್ತದೆ, ದೂರ ನೇರಳಾತೀತದಲ್ಲಿ ಸುಮಾರು 0.8. ಅಂದರೆ ಇ(ಬಿ-ವಿ)ಯನ್ನು 0.05 ತಪ್ಪಿ ಹಿಡಿದರೂ ನಕ್ಷತ್ರದ ಕಾಂತಿ ಶೇ. 40ರಷ್ಟು ಕೆಟ್ಟಿತು. ಸಂಡೂರಿನ ಗಣಿ ಲಾರಿ ಎಬ್ಬಿಸುವ ಧೂಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಅದರ ಕಣ ದಪ್ಪ. ಒಲೆಯ ಸಣ್ಣ ಹೊಗೆಯ ಹಿಂದೆ ದೀಪ ಕೆಂಪಗೆ ಕಾಣುತ್ತದಲ್ಲ, ಅಂತರತಾರಾ ಧೂಳು ಅದಕ್ಕೆ ಹತ್ತಿರ: ಮೈಕ್ರಾನಿನ ಹತ್ತನೇ ಒಂದು ಭಾಗದ ಕಣಗಳು, ನೀಲಿಯನ್ನೇ ಹೆಚ್ಚು ನುಂಗುತ್ತವೆ. ನಮ್ಮ ಕ್ಷೀರಪಥದ ಪಾಲನ್ನು ನಕ್ಷೆಯಿಂದ ತೆಗೆದು ಸುಮ್ಮನಾಗುವವರು ಬಹಳ. ಎಂ33ರ ಒಳಗಿನ ಧೂಳು ಬೇರೆ, ಅದು ನಕ್ಷತ್ರದಿಂದ ನಕ್ಷತ್ರಕ್ಕೆ ಬದಲಾಗುತ್ತದೆ.

ಪ್ರಶ್ನೆ (ಬಳ್ಳಾರಿ, ಮೊದಲಿನವರು): ಧನ್ಯವಾದ ಸರ್. ಕಾಂತಿ ಅಳೆಯುವಾಗ ಹಿನ್ನೆಲೆ ಆಕಾಶ ಪ್ರತಿ ಸಲ ಸೊನ್ನೆ ಬರುತ್ತಿದೆ. ಅದು ಸರಿಯೇ?

ಉತ್ತರ: ಸರಿಯಲ್ಲ. ನೀವು ಮೀಡಿಯನ್ (ಸಾಲಿನ ನಡುವಿನ ಮೌಲ್ಯ) ತೆಗೆದಿದ್ದೀರಿ ಅನಿಸುತ್ತದೆ. ಸಾಮಾನ್ಯ ಸಿಸಿಡಿ ಚಿತ್ರಕ್ಕೆ ಮೀಡಿಯನ್ ಒಳ್ಳೆಯದು, ಇಲ್ಲಿ ಅಲ್ಲ. ಯುವಿಐಟಿ ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸುತ್ತದೆ. ದೂರ ನೇರಳಾತೀತದ ಆಕಾಶ ಎಷ್ಟು ಕತ್ತಲು ಎಂದರೆ ಸಾವಿರ ಸೆಕೆಂಡಿನಲ್ಲೂ ಬಹುತೇಕ ಪಿಕ್ಸೆಲ್‌ಗಳಿಗೆ ಒಂದು ಫೋಟಾನ್ ಕೂಡ ಬಿದ್ದಿರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಪಿಕ್ಸೆಲ್ ಸೊನ್ನೆ ಇದ್ದಾಗ ಮೀಡಿಯನ್ ಸೊನ್ನೆಯೇ. ನಕ್ಷತ್ರಗಳಿಲ್ಲದ ಅಗಲ ಜಾಗ ಆರಿಸಿ, ಸರಾಸರಿ ತೆಗೆಯಿರಿ.

ಉಳಿದ ಲೆಕ್ಕ: ಮ್ಯಾಗ್ನಿಟ್ಯೂಡ್ = 18.097 − 2.5 × ಲಾಗ್(ಸೆಕೆಂಡಿಗೆ ಎಣಿಕೆ). ಈ 18.097 ಎಫ್148ಡಬ್ಲ್ಯೂಗೆ 2020ರ ಮಾಪನಾಂಕದ ಸೊನ್ನೆ ಬಿಂದು, ಎಬಿ ಪದ್ಧತಿಯಲ್ಲಿ (ಎಬಿ, ವೇಗಾ ಎರಡೂ ಮ್ಯಾಗ್ನಿಟ್ಯೂಡಿನ ಸೊನ್ನೆ ಇಡುವ ಬೇರೆ ಬೇರೆ ರೀತಿಗಳು). ಹಬಲ್ ಪಟ್ಟಿ ವೇಗಾ ಪದ್ಧತಿಯಲ್ಲಿದ್ದರೆ ಎರಡನ್ನೂ ನೇರ ಕಳೆಯಬೇಡಿ, ಮೊದಲು ಒಂದೇ ಪದ್ಧತಿಗೆ ತನ್ನಿ. ಚಿತ್ರದ ಮೌಲ್ಯ ಒಟ್ಟು ಎಣಿಕೆಯೋ, ಸೆಕೆಂಡಿಗೆ ಎಣಿಕೆಯೋ ಎಂದು ಹೆಡರ್‌ನಲ್ಲಿ ನೋಡಿ. 2,000 ಸೆಕೆಂಡ್ ಚಿತ್ರದಲ್ಲಿ ಇದನ್ನು ಅದಲುಬದಲು ಮಾಡಿದರೆ 8 ಮ್ಯಾಗ್ನಿಟ್ಯೂಡ್ ತಪ್ಪಾಗುತ್ತದೆ, ಅಷ್ಟು ದೊಡ್ಡ ತಪ್ಪು ಹೇಗೂ ಕಣ್ಣಿಗೆ ಬೀಳುತ್ತದೆ.

ಕಣ್ಣಿಗೆ ಬೀಳದ ತಪ್ಪು ಪ್ರಖರ ಚುಕ್ಕೆಗಳಲ್ಲಿ ಇರುತ್ತದೆ. ಡಿಟೆಕ್ಟರ್ ಸೆಕೆಂಡಿಗೆ ಸುಮಾರು 29 ಫ್ರೇಮ್ ಓದುತ್ತದೆ. ಒಂದೇ ಫ್ರೇಮಿನಲ್ಲಿ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ದರೂ ಅದು ಒಂದೆಂದೇ ಎಣಿಸುತ್ತದೆ. ಸೆಕೆಂಡಿಗೆ 6 ಎಂದು ಎಣಿಸಿದ್ದರೆ, ಫ್ರೇಮಿಗೆ 6/29 = 0.207. ನಿಜವಾದದ್ದು −ಎಲ್‌ಎನ್(1 − 0.207) = 0.232, ಅಂದರೆ ಸೆಕೆಂಡಿಗೆ 6.7. ಶೇ. 10ರಷ್ಟು ಬೆಳಕು ಎಣಿಕೆಗೇ ಸಿಕ್ಕಿಲ್ಲ. ಈ ತಿದ್ದುಪಡಿ ಮಂಕಾದ ಚುಕ್ಕೆಗಳಿಗೆ ಬೇಡ, ನಿಮಗೆ ಬೇಕಾದ ಚುಕ್ಕೆಗಳಿಗೆ ಖಂಡಿತ ಬೇಕು.

ಕೊನೆಗೆ ನಕ್ಷತ್ರಗಳ ಚಲನೆ ಅಳೆದ ಗಾಯಾ ಉಪಗ್ರಹದ ಪಟ್ಟಿಯೊಂದಿಗೂ ಹೊಂದಿಸಿ. ವರ್ಷಕ್ಕೆ ಹಲವು ಮಿಲಿ-ಆರ್ಕ್‌ಸೆಕೆಂಡ್ ಸರಿಯುವ ಚುಕ್ಕೆ ಎಂ33ರದ್ದಲ್ಲ, ನಮ್ಮ ಕ್ಷೀರಪಥದ್ದು. ತೆಗೆದುಹಾಕಿ.

ಪ್ರಶ್ನೆ (ಗಂಗಾವತಿ): ಆ ಆರ್136 ನಮ್ಮ ಕೊಪ್ಪಳ ಜಿಲ್ಲೆಯಿಂದ ದೂರದರ್ಶಕದಲ್ಲಿ ಕಾಣುತ್ತದೆಯೇ? ಶಾಲೆ ಮಕ್ಕಳಿಗೆ ತೋರಿಸುವ ಆಸೆ.

ಉತ್ತರ: ಅದರ ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) −69 ಡಿಗ್ರಿ. ನಿಮ್ಮದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶ. ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಾಗಲೂ ದಿಗಂತದಿಂದ 5-6 ಡಿಗ್ರಿ ಮೇಲೆ ಮಾತ್ರ. ನಿಮ್ಮ ಬಂಡೆಗುಡ್ಡ, ಮಂಜು, ದೀಪದ ಬೆಳಕು ದಾಟಿ ಕಾಣುವುದು ಕಷ್ಟ. ಅದರ ಬದಲು ಎಂ33 ತೋರಿಸಿ, ಅದು ನಿಮ್ಮಲ್ಲಿ ಸುಮಾರು 75 ಡಿಗ್ರಿ ಎತ್ತರಕ್ಕೆ ಏರುತ್ತದೆ. ನವೆಂಬರ್ ಅಮಾವಾಸ್ಯೆಯ ಆಸುಪಾಸು, ಊರಿಂದ ದೂರ, ಬೈನಾಕ್ಯುಲರ್ ಸಾಕು. ಮಸುಕಾದ ಒಂದು ಕಲೆ ಕಾಣುತ್ತದೆ. ದೊಡ್ಡ ದೂರದರ್ಶಕ ಇದ್ದರೆ ಅದರ ಅಂಚಿನ ಎನ್‌ಜಿಸಿ 604 ಹುಡುಕಿ. ಇಷ್ಟು ದೂರದಲ್ಲೂ ಕಾಣುವ ಆ ನೀಹಾರಿಕೆಯೊಳಗೆ 200ಕ್ಕೂ ಹೆಚ್ಚು ಅತಿ ಬಿಸಿ ನಕ್ಷತ್ರಗಳಿವೆ.

ಪ್ರಶ್ನೆ (ರಾಯಚೂರು): ಜೇಮ್ಸ್ ವೆಬ್ ಇದಕ್ಕಿಂತ ಮೇಲಲ್ಲವೇ?

ಉತ್ತರ: ಕೆಲಸ ಬೇರೆ. 6.5 ಮೀಟರ್ ಕನ್ನಡಿ ನಿಜ, ಆದರೆ ಅದು ನೋಡುವುದು 0.6ರಿಂದ 28 ಮೈಕ್ರಾನ್‌ವರೆಗೆ. ಬಿಸಿ ನಕ್ಷತ್ರದ ತಾಪಮಾನ ಅಲ್ಲಿ ಸಿಗದು, ಮೊದಲು ಹೇಳಿದ ಬಾಲದ ಇನ್ನೂ ತುದಿ ಅದು. ಧೂಳಿನ ಗೂಡಿನೊಳಗೆ ಇನ್ನೂ ಹೊರಬರದ ಗುಚ್ಛಗಳಿಗೆ ಮತ್ತು ಕೆಂಪು ಮಹಾದೈತ್ಯಗಳಿಗೆ ವೆಬ್ಬೇ ಬೇಕು. ಕೆಂಪು ಮಹಾದೈತ್ಯವೂ ಭಾರೀ ನಕ್ಷತ್ರವೇ, ಮುಪ್ಪಿನಲ್ಲಿ 3,500-4,000 ಕೆಲ್ವಿನ್‌ಗೆ ತಣಿದದ್ದು. 2023ರ ಮೇನಲ್ಲಿ ಎಂ101ರಲ್ಲಿ ಸಿಡಿದ ಸೂಪರ್‌ನೋವಾಗೆ ಮೂಲವಾದ ನಕ್ಷತ್ರ ಹಬಲ್ ಮತ್ತು ಸ್ಪಿಟ್ಜರ್‌ನ ಹಳೆಯ ಚಿತ್ರಗಳಲ್ಲಿ ಸಿಕ್ಕಿತು, ಅದು ಧೂಳು ಹೊದ್ದ ಇಂಥದ್ದೇ ಕೆಂಪು ಮಹಾದೈತ್ಯ. ಬಳ್ಳಾರಿಯವರ ಪಟ್ಟಿಯಲ್ಲಿ ನೀಲಿ ನಕ್ಷತ್ರ ಮಾತ್ರ ಇವೆ. ವರದಿಗೆ 'ಭಾರೀ ನಕ್ಷತ್ರಗಳು' ಎಂದು ಹೆಸರಿಡುವುದಾದರೆ ಕೆಂಪು ಬಿಟ್ಟುಹೋಗಿವೆ ಎಂದು ಮೊದಲ ಪುಟದಲ್ಲೇ ಬರೆಯಿರಿ.

ಬಳ್ಳಾರಿ: ಫ್ಯಾಟರ್ ಪಟ್ಟಿಯೊಂದಿಗೆ ಹೊಂದಿಸಿ ನೋಡಿದೆವು ಸರ್. ನಮ್ಮ ಅತಿ ಪ್ರಖರ ಚುಕ್ಕೆಯ ಜಾಗದಲ್ಲಿ ಏಳು ನಕ್ಷತ್ರಗಳಿವೆ.

ಉತ್ತರ: ಏಳರಲ್ಲಿ ಬಿಸಿಯವು ಎಷ್ಟು ಎಂದು ಎಫ್275ಡಬ್ಲ್ಯೂ − ಎಫ್336ಡಬ್ಲ್ಯೂ ಬಣ್ಣದಿಂದ ಬೇರ್ಪಡಿಸಿ. ಧೂಳಿನ ತಿದ್ದುಪಡಿ ಆದ ಮೇಲೆ ಮಾತ್ರ.