ಈದೊ ಭಾಷೆಯ ಕಾಗುಣಿತ: ‘ತ್ಸ’ ಸದ್ದು, ಒತ್ತು, ದೀರ್ಘ

ಎಲ್ಲರಿಗೂ ರಾಯಚೂರಿನಿಂದ ನಮಸ್ಕಾರ. ಈದೊ ಎಂಬ ಕೃತಕ ಭಾಷೆ ಕಲಿಯುವ ಕನ್ನಡಿಗರಿಗಾಗಿ ಒಂದು ಪದಪಟ್ಟಿ ಮಾಡುತ್ತಿದ್ದೇನೆ. ಇಂಗ್ಲಿಷಿನ ಮೂಲಕ ಬಂದವರು ಇದನ್ನು ‘ಇಡೋ’ ಅನ್ನುತ್ತಾರೆ. ಅದರ ಕಾಗುಣಿತದ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ಜಾಮೆನ್‌ಹಾಫ್ ಅವರು 1887ರಲ್ಲಿ ವಾರ್ಸಾದಲ್ಲಿ ಪ್ರಕಟಿಸಿದ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ 6 ಅಕ್ಷರಗಳಿಗೆ ತಲೆ ಮೇಲೆ ಗುರುತುಗಳಿವೆ. ಆ ಅಚ್ಚುಮೊಳೆಗಳು ಎಲ್ಲ ಕಡೆ ಸಿಗುತ್ತಿರಲಿಲ್ಲ. 1907ರಲ್ಲಿ ಅದನ್ನೇ ತಿದ್ದಿ ಮಾಡಿದ ಈದೊ ಗುರುತುಗಳನ್ನೆಲ್ಲ ತೆಗೆಯಿತು. ‘ಸಿ’ ಪಕ್ಕ ‘ಹೆಚ್’ ಇಟ್ಟರೆ ಚ, ‘ಎಸ್’ ಪಕ್ಕ ಇಟ್ಟರೆ ಶ. ಉರ್ದುವಿನ ‘ಖ಼ಬರ್’ನಲ್ಲಿ ಬರುವ ಗಂಟಲಿನ ಸದ್ದನ್ನೂ ಕೈಬಿಟ್ಟಿತು. ನಮ್ಮೂರಲ್ಲಿ ಅದು ಯಾರಿಗೂ ಕಷ್ಟದ ಸದ್ದಲ್ಲ, ಆದರೆ ಯುರೋಪಿನ ಎಷ್ಟೋ ಜನಕ್ಕೆ ಅದು ಬಾಯಿಗೆ ಬರುವುದಿಲ್ಲ.

ಒಂಟಿ ‘ಸಿ’ ಮಾತ್ರ ಎರಡೂ ಭಾಷೆಗಳಲ್ಲಿ ಯಾವಾಗಲೂ ‘ತ್ಸ’. ನೂರು ಅನ್ನಲು ಈದೊದಲ್ಲಿ ‘ತ್ಸೆಂತ್’. ಕನ್ನಡದಲ್ಲಿ ಇದನ್ನು ‘ಸೆಂಟ್’ ಎಂದು ಬರೆದರೆ ಸದ್ದೇ ಹೋಗುತ್ತದೆ. ರಾಯಚೂರು, ಬಳ್ಳಾರಿ ಕಡೆ ತೆಲುಗು ಕೇಳಿ ಬೆಳೆದವರಿಗೆ ಈ ಸದ್ದು ಗೊತ್ತೇ ಇದೆ. ಸಾಕು ಅನ್ನಲು ‘ಚಾಲು’ ಎಂದು ಬರೆದು ‘ತ್ಸಾಲು’ ಅನ್ನುತ್ತಾರಲ್ಲ, ಅದೇ. ಹಾಗಂತ ನಾವೂ ಚ ಬರೆದರೆ ಈದೊದ ನಿಜವಾದ ಚ ಜೊತೆ ಕಲಸಿಹೋಗುತ್ತದೆ. ಅದಕ್ಕೇ ‘ತ್ಸ’ ಅಂತಲೇ ಇಟ್ಟಿದ್ದೇನೆ. ನೋಡಲು ಸ್ವಲ್ಪ ಒರಟು, ಆದರೆ ಓದಿದರೆ ತಪ್ಪುವುದಿಲ್ಲ.

ನನಗೆ ಜಾಸ್ತಿ ತಲೆ ತಿನ್ನುತ್ತಿರುವುದು ಒತ್ತು, ಅಂದರೆ ಪದದಲ್ಲಿ ಯಾವ ಸ್ವರವನ್ನು ಒತ್ತಿ ಹೇಳಬೇಕು ಎಂಬುದು (ಒತ್ತಕ್ಷರವಲ್ಲ). ಎಸ್ಪೆರಾಂಟೊದಲ್ಲಿ ಅದು ಯಾವಾಗಲೂ ಕೊನೆಯಿಂದ ಎರಡನೇ ಸ್ವರಕ್ಕೆ: ‘ಪರೋಲಿ’, ಅಂದರೆ ಮಾತಾಡುವುದು. ಈದೊ ಇಲ್ಲಿ ಬೇರೆ ದಾರಿ ಹಿಡಿಯಿತು. ‘ಮಾತಾಡುವುದು’ ಅನ್ನುವಂಥ ಕ್ರಿಯಾರೂಪದಲ್ಲಿ ಒತ್ತು ಕೊನೆಗೆ ಹೋಗುತ್ತದೆ: ‘ಪರೊಲಾರ್’. ವರ್ತಮಾನದಲ್ಲಿ ಮತ್ತೆ ಹಿಂದಕ್ಕೆ ಬರುತ್ತದೆ: ‘ಪರೋಲಸ್’. ರೋಮನ್ ಬರಹದಲ್ಲಿ ಇದು ಕಾಣಿಸುವುದಿಲ್ಲ. ನಮ್ಮ ಹತ್ತಿರ ಹ್ರಸ್ವ, ದೀರ್ಘ ಇವೆ. ಈದೊದಲ್ಲಿ ಆ ಭೇದ ಇಲ್ಲ. ಹಾಗಾಗಿ ದೀರ್ಘವನ್ನೇ ಒತ್ತಿನ ಗುರುತಾಗಿ ಬಳಸಬಹುದು ಅಲ್ವಾ? ‘ದೋಮೊ’ ಎಂದರೆ ಮನೆ. ಬರೆದದ್ದನ್ನು ಹಾಗೇ ಓದಿದರೂ ಒತ್ತು ಸರಿಯಾದ ಕಡೆಯೇ ಬೀಳುತ್ತದೆ. ‘ಡೊಮೊ’, ‘ಡೋಮೋ’ ಎಂದು ಸುಮ್ನೆ ತೋಚಿದಂತೆ ಬರೆಯುವುದಕ್ಕಿಂತ ಇದು ಎಷ್ಟೋ ಮೇಲು.

ತೊಡಕು ಒಂದೇ. ಸ್ವರದ ನಂತರ ಎರಡು ವ್ಯಂಜನ ಬಂದಾಗ ಏನು ಮಾಡೋಣ? ‘ಕುಣಿಯುವುದು’ ಎಂಬುದಕ್ಕೆ ‘ದನ್‌ಸಾರ್’ ಸರಿ. ‘ಕುಣಿತ’ ಎಂಬುದಕ್ಕೆ ‘ದಾನ್‌ಸೊ’ ಬರೆದರೆ ಸ್ವರ ಅತಿಯಾಗಿ ಎಳೆದಂತಾಗುತ್ತದೆ. ‘ದನ್‌ಸೊ’ ಬರೆದರೆ ನಿಯಮ ಮುರಿಯುತ್ತದೆ. ನಾನು ಸದ್ಯಕ್ಕೆ ದೀರ್ಘದ ಕಡೆಗಿದ್ದೇನೆ. ನೀವಾದರೆ ಯಾವುದನ್ನು ಬರೆಯುತ್ತೀರಿ, ಯಾಕೆ?