ಲ್ಯಾಬ್ ರಿಪೋರ್ಟ್ ಎಲ್ಲಾ ಕ್ಲೌಡ್‌ಗೆ ಹಾಕಬಹುದಾ? ಅನುಭವ ಇದ್ದವರು ಹೇಳಿ

ಮುಲುಂಡ್ ಲ್ಯಾಬ್:
ನಮ್ಮದು ರಕ್ತ ಪರೀಕ್ಷೆ ಲ್ಯಾಬ್. ಮುಲುಂಡ್, ಠಾಣೆ, ಡೊಂಬಿವಲಿಯಲ್ಲಿ ಒಂದೊಂದು ಶಾಖೆ. ರೋಗಿಗಳ ರಿಪೋರ್ಟ್ ಎಲ್ಲಾ ಮುಲುಂಡ್‌ನ ಹಳೇ ಸರ್ವರ್‌ನಲ್ಲಿದೆ. ಸಾಫ್ಟ್‌ವೇರ್ ಮಾಡಿಕೊಟ್ಟವರು ಕ್ಲೌಡ್‌ಗೆ, ಅಂದ್ರೆ ಇಂಟರ್ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಬಾಡಿಗೆ ಸರ್ವರ್‌ಗೆ, ಹೋಗೋಣ ಅಂತಿದ್ದಾರೆ. ಭದ್ರತೆಗೆ ಏನೇನು ನೋಡಿಕೊಳ್ಳಬೇಕು? ಡೇಟಾ ಸೋರಿದರೆ ಜವಾಬ್ದಾರಿ ಯಾರದ್ದು? ಐಟಿ ಗೊತ್ತಿರುವವರು ನಮ್ಮಲ್ಲಿ ಯಾರೂ ಇಲ್ಲ.

ಭೋಸರಿ ವರ್ಕ್‌ಶಾಪ್:
ಸೋರುವುದು ಆಮೇಲೆ ಸರ್, ಮೊದಲು ಬಿಲ್ ಕೇಳಿ. ನಮ್ಮದು ಪುಣೆ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮಷಿನ್ ಶಾಪ್. ಡ್ರಾಯಿಂಗ್ ಎಲ್ಲಾ ಕ್ಲೌಡ್‌ನಲ್ಲಿ, ತಿಂಗಳ ಬಿಲ್ 14,200 ರೂಪಾಯಿ. ಹೊರಗಿನಿಂದ ಕೆಲಸಕ್ಕೆ ತಗೊಂಡಿದ್ದ ಒಬ್ಬ ಪುಣ್ಯಾತ್ಮ ನಮ್ಮ ಆಕ್ಸೆಸ್ ಕೀಯನ್ನು (ಕ್ಲೌಡ್ ಖಾತೆಗೆ ಪಾಸ್‌ವರ್ಡ್ ಇದ್ದ ಹಾಗೆ) ಕೋಡ್ ಒಳಗೇ ಬರೆದು, ಅದನ್ನು ಕೋಡ್ ಹಂಚಿಕೊಳ್ಳುವ ಸೈಟ್ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ. ಇಂಥ ಕೀ ಹುಡುಕಲೆಂದೇ ಬಾಟ್‌ಗಳು, ಅಂದ್ರೆ ತಾವಾಗಿಯೇ ಕೆಲಸ ಮಾಡುವ ಪ್ರೋಗ್ರಾಂಗಳು, ಓಡುತ್ತಿರುತ್ತವೆ. ಗಣಪತಿ ಹಬ್ಬಕ್ಕೆ ಶಾಪ್ ಬಂದ್. ಅಷ್ಟರಲ್ಲಿ ನಾವು ಹೆಸರೇ ಕೇಳದ ರೀಜನ್‌ಗಳಲ್ಲಿ (ಕ್ಲೌಡ್ ಕಂಪನಿಯ ಬೇರೆ ಬೇರೆ ಕಡೆಯ ಕೇಂದ್ರಗಳು) ಯಾರೋ ನಮ್ಮ ಲೆಕ್ಕದಲ್ಲಿ ದೊಡ್ಡ ದೊಡ್ಡ ಮಷಿನ್ ಹಚ್ಚಿ ಕ್ರಿಪ್ಟೋ ಗಣಿಗಾರಿಕೆ (ಕಂಪ್ಯೂಟರ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ನಡೆಸಿದ್ದರು. ಬಿಲ್ 6,83,000. ಅದರ ಮೇಲೆ 18% ಜಿಎಸ್‌ಟಿ, 1,22,940. ಒಟ್ಟು 8,05,940! ಬಿಲ್ ಮಿತಿ ದಾಟಿದರೆ ಮೇಲ್ ಬರುವ ಬಜೆಟ್ ಅಲರ್ಟ್ ಇತ್ತು, ಮೇಲ್ ಹೋಗಿದ್ದು ಕೆಲಸ ಬಿಟ್ಟವನ ವಿಳಾಸಕ್ಕೆ. ಅಲರ್ಟ್ ಬಂದರೂ ಅದು ಸುಮ್ನೆ ತಿಳಿಸುತ್ತದೆ ಅಷ್ಟೇ, ಮಷಿನ್ ನಿಲ್ಲಿಸುವುದಿಲ್ಲ. ಮಾತಾಡಿ ಮಾತಾಡಿ ಜಾಸ್ತಿ ಪಾಲು ಮಾಫಿ ಮಾಡಿಸಿಕೊಂಡೆವು. ಕೀ ಹಾಕಿದ ಆ ಹುಡುಗ ಈಗ ಫೋನ್ ಎತ್ತುವುದಿಲ್ಲ.

ವಾಶಿ ಶೆಟ್ಟಿ:
ಅದಕ್ಕೇ ಹೇಳೋದು ಮಾರಾಯ್ರೆ, ಬೇಡ ಅಂತ. ನಮ್ಮದು ಟ್ರಾನ್ಸ್‌ಪೋರ್ಟ್. ಕ್ಲೌಡ್‌ಗೆ ಹೋಗಿ ವಾಪಸ್ ಬಂದವರು ನಾವು. ತಿಂಗಳಿಗೆ 38,000 ಕಟ್ಟುತ್ತಿದ್ದೆವು. ಒಳಗೆ ಹಾಕುವಾಗ ಪುಕ್ಕಟೆ, ಹೊರಗೆ ತೆಗೆಯುವಾಗ ಜಿಬಿ ಲೆಕ್ಕದಲ್ಲಿ ದುಡ್ಡು. ಈಗ ಸರ್ವರ್ 3,40,000, ಯುಪಿಎಸ್ 62,000, ಹೊರಗಿನವರನ್ನು ತಡೆಯುವ ಫೈರ್‌ವಾಲ್ 85,000. ಕೋಣೆಗೆ ಬೀಗ, ಕೀಲಿ ನನ್ನ ಜೇಬಲ್ಲಿ. ಕ್ಲೌಡ್ ಅಂದ್ರೆ ಆಕಾಶದಲ್ಲಿ ತೇಲುತ್ತಾ ಇರೋದಾ? 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನೋ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟವರು ಬರಿಗೈ.

ಹಿಂಜವಡಿ ಕುಲಕರ್ಣಿ:
ಶೆಟ್ರೇ, ಕೀಲಿ ಜೇಬಲ್ಲಿದ್ದರೆ ಆಯಿತಾ? 2018ರ ಆಗಸ್ಟ್‌ನಲ್ಲಿ ನಮ್ಮ ಪುಣೆಯ ಕಾಸ್ಮೋಸ್ ಬ್ಯಾಂಕಿನ ಎಟಿಎಂ ವ್ಯವಹಾರ ನೋಡಿಕೊಳ್ಳುವ ಸ್ವಿಚ್ ಸರ್ವರ್‌ಗೆ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಬಿಟ್ಟು 94 ಕೋಟಿ ಎತ್ತಿದರು. ಬೀಗ ಒಡೆದು ಬಂದಿದ್ದರಾ? ನಾನು ಈ ಕೆಲಸವನ್ನೇ ಮಾಡುವವಳು. ಕಟ್ಟಡ, ಕರೆಂಟು, ಡಿಸ್ಕು ಕ್ಲೌಡ್ ಕಂಪನಿಯ ಜವಾಬ್ದಾರಿ. ಯಾರಿಗೆ ಪ್ರವೇಶ, ಯಾವ ಬಾಗಿಲು ತೆರೆದಿದೆ, ಅದು ನಮ್ಮದು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು ಕ್ಲೌಡ್‌ನಲ್ಲಿಟ್ಟಿದ್ದ 10 ಕೋಟಿಗೂ ಜಾಸ್ತಿ ಜನರ ಮಾಹಿತಿ ಹೋಯಿತು. ಫೈರ್‌ವಾಲ್ ತಪ್ಪಾಗಿ ಸೆಟ್ ಆಗಿತ್ತು, ಅದಕ್ಕೆ ಬೇಡದ ಅನುಮತಿಗಳೂ ಇದ್ದವು. ದಂಡ 8 ಕೋಟಿ ಡಾಲರ್. ಕಟ್ಟಿದ್ದು ಬ್ಯಾಂಕು, ಕ್ಲೌಡ್ ಕಂಪನಿ ಅಲ್ಲ.

ವಾಶಿ ಶೆಟ್ಟಿ:
ಮೇಡಂ, ದೊಡ್ಡ ದೊಡ್ಡ ಕಥೆ ಬೇಡ. ಪುಣೆಯವರು ಎಲ್ಲದಕ್ಕೂ ಪಾಠ ಶುರು ಮಾಡ್ತೀರಿ.

ಹಿಂಜವಡಿ ಕುಲಕರ್ಣಿ:
ಬ್ಯಾಂಕಿನ ಕಥೆ ಬೇಡವಾ, ನಿಮ್ಮದೇ ಕೇಳ್ತೀನಿ. 2020ರ ಅಕ್ಟೋಬರ್ 12ಕ್ಕೆ ಇಡೀ ಮುಂಬಯಿಗೆ ಕರೆಂಟ್ ಹೋದಾಗ ನಿಮ್ಮ 62,000ದ ಯುಪಿಎಸ್ ಎಷ್ಟು ಹೊತ್ತು ನಿಂತಿತು?

ವಾಶಿ ಶೆಟ್ಟಿ:
ಜನರೇಟರ್ ಇತ್ತು. ಡೀಸೆಲ್ ನಮ್ಮ ಲಾರಿಯದ್ದೇ.

ಮಡಗಾಂವ್ ಹೋಂಸ್ಟೇ:
ನೀವಿಬ್ಬರೂ ಸ್ವಲ್ಪ ನಿಲ್ಲಿಸಿ. ಡಿಸೆಂಬರ್ ಸೀಸನ್ ಕಳಕೊಂಡವನು ನಾನು. ಬುಕಿಂಗ್ ಸಾಫ್ಟ್‌ವೇರ್ ಕ್ಲೌಡ್‌ನಲ್ಲಿ ವಿಂಡೋಸ್ ಮಷಿನ್ ಮೇಲೆ ಓಡುತ್ತಿತ್ತು. ಮೆಂಟೇನ್ ಮಾಡುತ್ತಿದ್ದ ಏಜೆನ್ಸಿಯವರು ತಮ್ಮ ಮನೆಯಿಂದ ನೋಡಲು ಸುಲಭ ಆಗಲಿ ಅಂತ ರಿಮೋಟ್ ಡೆಸ್ಕ್‌ಟಾಪಿನ (ದೂರದಿಂದಲೇ ಮಷಿನ್ ಬಳಸುವ ವ್ಯವಸ್ಥೆ) ಬಾಗಿಲಾದ 3389 ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಟ್ಟಿದ್ದರು. ಎರಡನೇ ಹಂತದ ಓಟಿಪಿ ಇಲ್ಲ. ಒಳಗೆ ಬಂದವರು ಫೈಲ್ ಎಲ್ಲಾ ಲಾಕ್ ಮಾಡಿದರು. ಬ್ಯಾಕಪ್ ಇತ್ತಲ್ಲ ಅಂತ ಕೇಳಬೇಡಿ. ಅದೇ ಖಾತೆಯಲ್ಲಿತ್ತು, ಮೊದಲು ಅದನ್ನೇ ಅಳಿಸಿದರು. 2014ರಲ್ಲಿ ಕೋಡ್ ಸ್ಪೇಸಸ್ ಅನ್ನೋ ಕಂಪನಿ ಹೀಗೇ ಮುಚ್ಚಿಹೋಗಿತ್ತು. ನಮ್ಮದು ಮುಚ್ಚಲಿಲ್ಲ, ಅಷ್ಟೇ ವ್ಯತ್ಯಾಸ. ಯಾರು ಅಡ್ವಾನ್ಸ್ ಕೊಟ್ಟಿದ್ದಾರೆ ಅಂತಲೇ ಗೊತ್ತಿಲ್ಲ. ಒಂದೇ ರೂಮಿಗೆ ಎರಡು ಕುಟುಂಬ ಬಂದು ನಿಂತವು. ಒಂದು ಕುಟುಂಬಕ್ಕೆ ಕೋಲ್ವಾದಲ್ಲಿ ರಾತ್ರಿಗೆ 9,500 ಕೊಟ್ಟು ರೂಮ್ ಹಿಡಿದುಕೊಟ್ಟೆ. ವಾಪಸ್ ಕೊಟ್ಟ ಅಡ್ವಾನ್ಸ್ 2,16,000. ಏಜೆನ್ಸಿಯವರು ಆ ತಿಂಗಳದ್ದೂ ಬಿಲ್ ಕಳಿಸಿದರು!

ಈಗ ಬ್ಯಾಕಪ್ ಬೇರೆ ಖಾತೆಯಲ್ಲಿ, ಬೇರೆ ಪಾಸ್‌ವರ್ಡ್, ಫೈಲ್ ಅಳಿಸದಂತೆ ತಡೆಯುವ ಆಬ್ಜೆಕ್ಟ್ ಲಾಕ್ ಹಾಕಿ. ಆ ಲಾಕನ್ನು ಕಾಂಪ್ಲಯನ್ಸ್ ಮೋಡ್ ಅನ್ನೋ ಬಿಗಿ ಸೆಟ್ಟಿಂಗ್‌ನಲ್ಲಿ ಇಟ್ಟರೆ ಅವಧಿ ಮುಗಿಯುವ ತನಕ ಎಲ್ಲಾ ಅಧಿಕಾರ ಇರುವ ರೂಟ್ ಖಾತೆಯಿಂದಲೂ ಅಳಿಸಲು ಆಗುವುದಿಲ್ಲ. ಆದರೆ ಅವಧಿ ನೋಡಿ ಹಾಕಿ. 10 ವರ್ಷ ಅಂತ ಒತ್ತಿಬಿಟ್ಟರೆ 10 ವರ್ಷವೂ ಬಾಡಿಗೆ ಕಟ್ಟುತ್ತಾ ಕೂತಿರಬೇಕು.

ಭೋಸರಿ ವರ್ಕ್‌ಶಾಪ್:
ನೀವು ವಿಂಡೋಸ್ ಹಾಕಿದ್ದೇ ಸರಿ ಇಲ್ಲ.

ಮಡಗಾಂವ್ ಹೋಂಸ್ಟೇ:
ನಿಮ್ಮ ಕೀ ಗಿಟ್‌ಹಬ್‌ನಲ್ಲಿ ಬಿದ್ದಿದ್ದು ಯಾವ ವಿಂಡೋಸ್‌ನಿಂದ?

ಹಿಂಜವಡಿ ಕುಲಕರ್ಣಿ:
ಪಾಪ, ಲ್ಯಾಬಿನವರ ಪ್ರಶ್ನೆ ಹಾಗೇ ಉಳೀತು. ಸರ್, 2023ರ ಡೇಟಾ ಸಂರಕ್ಷಣೆ ಕಾಯ್ದೆ ಪ್ರಕಾರ ರೋಗಿಗಳ ಮಾಹಿತಿಗೆ ನೀವೇ ಹೊಣೆ, ಸಾಫ್ಟ್‌ವೇರ್‌ನವರ ಕೈಗೆ ಕೊಟ್ಟಿದ್ದರೂ. ಕಾಪಾಡಲು ತಕ್ಕ ಕ್ರಮ ತಗೊಳ್ಳದಿದ್ದರೆ ದಂಡ 250 ಕೋಟಿವರೆಗೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶ ಬೇರೆ ಇದೆ. ದಾಳಿ, ಸೋರಿಕೆಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗ್ (ಸಿಸ್ಟಂನಲ್ಲಿ ಯಾವಾಗ ಏನಾಯಿತು ಅನ್ನೋ ದಾಖಲೆ) 180 ದಿನ ಇಡಬೇಕು. ರೂಟ್ ಖಾತೆ ನಿಮ್ಮ ಹೆಸರಲ್ಲೇ ಇರಲಿ, ಸಾಫ್ಟ್‌ವೇರ್‌ನವರಿಗೆ ಕೊಡಬೇಡಿ. ಓಟಿಪಿ ಎಸ್‌ಎಂಎಸ್‌ನಲ್ಲಿ ಬೇಡ, ಆ್ಯಪ್ ಅಥವಾ ಹಾರ್ಡ್‌ವೇರ್ ಕೀ ಬಳಸಿ. ಇನ್ನೊಂದು, ಇದು ಕ್ಲೌಡ್‌ಗೆ ಹೋಗುವ ಮೊದಲೇ ನೋಡಿ. ರೋಗಿಗೆ ವಾಟ್ಸಾಪ್‌ನಲ್ಲಿ ರಿಪೋರ್ಟ್ ಲಿಂಕ್ ಕಳಿಸ್ತೀರಲ್ಲ, ಅದರ ಕೊನೆಯ ಅಂಕಿ ಬದಲಿಸಿದರೆ ಏನಾಗುತ್ತದೆ?

ಮುಲುಂಡ್ ಲ್ಯಾಬ್:
ಈಗಷ್ಟೇ ಬದಲಿಸಿ ನೋಡಿದೆ. ಬೇರೆ ಯಾರದ್ದೋ ಥೈರಾಯ್ಡ್ ರಿಪೋರ್ಟ್ ತೆರೆಯಿತು. ಹೆಸರು, ವಯಸ್ಸು, ಫೋನ್ ನಂಬರ್ ಸಮೇತ.

ವಾಶಿ ಶೆಟ್ಟಿ:
ನೋಡಿ, ಹಳೇ ಸರ್ವರ್‌ದೇನೂ ತಪ್ಪಿಲ್ಲ.

ಹಿಂಜವಡಿ ಕುಲಕರ್ಣಿ:
ಶೆಟ್ರೇ, ಅದೇ ಕೋಡ್ ನಿಮ್ಮ ಬೀಗದ ಕೋಣೆಯಲ್ಲಿದ್ದರೂ ಹೀಗೇ ತೆರೆಯುತ್ತಿತ್ತು. ಲ್ಯಾಬ್ ಸರ್, ಆ ಲಿಂಕ್‌ಗಳನ್ನು ಇವತ್ತೇ ನಿಲ್ಲಿಸಲು ಹೇಳಿ. ಸರಿ ಮಾಡುವ ತನಕ ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ ಕಳಿಸಿ. ಹುಟ್ಟಿದ ವರ್ಷವನ್ನೇ ಪಾಸ್‌ವರ್ಡ್ ಮಾಡಬೇಡಿ.

ಭೋಸರಿ ವರ್ಕ್‌ಶಾಪ್:
ಖರ್ಚಿಗೆ ಹೆದರಬೇಡಿ ಸರ್. ಕ್ಲೌಡ್ ಬಿಲ್‌ನ 18% ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್‌ನಲ್ಲಿ (ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವುದು) ವಾಪಸ್ ಬರುತ್ತದೆ.

ಮುಲುಂಡ್ ಲ್ಯಾಬ್:
ನಮಗೆ ಬರುವುದಿಲ್ಲ. ರೋಗ ಪರೀಕ್ಷೆಗೆ ಜಿಎಸ್‌ಟಿ ವಿನಾಯಿತಿ, ಅದಕ್ಕೇ ಕ್ರೆಡಿಟ್ ಇಲ್ಲ. ಪೂರ್ತಿ 18% ನಮ್ಮ ತಲೆ ಮೇಲೆ. ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡಿದೆ. ಲಿಂಕ್ ಸರಿ ಮಾಡಲು ಬೇರೆ ಚಾರ್ಜ್ ಆಗುತ್ತದೆ ಅಂದರು.

ಭೋಸರಿ ವರ್ಕ್‌ಶಾಪ್:
ಎಷ್ಟಂತೆ? ಒಂದು ಪೈಸೆ ಕೊಡಬೇಡಿ.

ವಾಶಿ ಶೆಟ್ಟಿ:
ಕೊಡದೆ ಇದ್ದರೆ ಮಾಡ್ತಾರಾ? ನಿಮ್ಮ ಹುಡುಗ ಫೋನ್ ಎತ್ತಿದನಾ?